ಸದ್ದು ಒಳಗೆ ಎಳೆವಾಗಲೋ, ಹೊರಗೆ ಬಿಡುವಾಗಲೋ? ಮೇಲಿನ ಉಸಿರುದಾರಿ ಕಟ್ಟಿದಾಗ ದೋಷ ಹುಡುಕುವ ಬಗೆ

"ದಮ್ಮ ಹತ್ತೇತ್ರಿ ಸರ."

ಬಾಗಲಕೋಟೆ ಜಿಲ್ಲೆಯ ಯಾವ ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ ಕೂತರೂ ಈ ಮಾತು ದಿನಾ ಕಿವಿಗೆ ಬೀಳುತ್ತದೆ. ಅಸ್ತಮಾ ಇದ್ದವರೂ ಹೀಗೇ ಹೇಳುತ್ತಾರೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದವರೂ ಹೀಗೇ ಹೇಳುತ್ತಾರೆ. ಗಂಟಲಲ್ಲಿ ಶೇಂಗಾ ಸಿಕ್ಕಿಕೊಂಡ ಮಗುವನ್ನು ಎತ್ತಿಕೊಂಡು ಓಡಿ ಬಂದ ತಾಯಿಯೂ ಹೀಗೇ ಹೇಳುತ್ತಾಳೆ. ದಮ್ಮು ಅನ್ನುವ ಒಂದು ಪದದೊಳಗೆ ಹತ್ತಾರು ಕಾಯಿಲೆಗಳಿವೆ. ನಮ್ಮ ಕೈ ಮಾತ್ರ ಒಂದೇ ಕಡೆ ಹೋಗುತ್ತದೆ, ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಕಡೆಗೆ.

ಕೆಲವು ವರ್ಷಗಳ ಹಿಂದೆ ನನ್ನ ಕೈಯೂ ಹಾಗೇ ಹೋಯಿತು. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ರಾತ್ರಿ ಹನ್ನೊಂದಕ್ಕೆ ಬಂದಳು. ಅಷ್ಟೊತ್ತಿಗೆ ಎರಡು ಕಡೆ ತೋರಿಸಿಯಾಗಿತ್ತು, ಕೈಯಲ್ಲಿ ಇನ್‌ಹೇಲರ್ ಇತ್ತು. ಎದೆಗೆ ಸ್ಟೆತ್ ಇಟ್ಟೆ. ಸುಂಯ್ ಅನ್ನುವ ಸದ್ದು ಕೇಳಿತು. ಉಸಿರುಕೊಳವೆ ಸಡಿಲಿಸುವ ಸಾಲ್ಬುಟಮಾಲ್ ಬರೆದೆ. ಮೂರು ಸಲ ಕೊಟ್ಟರೂ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಹಾಸಿಗೆ ಪಕ್ಕ ನಿಂತು ನೋಡುತ್ತಿದ್ದ ಹಿರಿಯ ಸಿಸ್ಟರ್ ಮೆಲ್ಲಗೆ ಹೇಳಿದರು: "ಸರ, ಆಕಿ ಉಸಿರು ಒಳಗ ಜಗ್ಗುವಾಗ ಸಪ್ಪಳ ಬರಾಕತ್ತೈತ್ರಿ. ದಮ್ಮಿನ ಮಂದಿಗೆ ಬಿಡುವಾಗ ಬರತೈತಿ ಅಲ್ರಿ?"

ಸ್ಟೆತ್ತನ್ನು ಎದೆಯಿಂದ ತೆಗೆದು ಕುತ್ತಿಗೆಯ ಮೇಲೆ ಇಟ್ಟೆ. ಸದ್ದು ಅಲ್ಲೇ ಎಲ್ಲಕ್ಕಿಂತ ಜೋರಾಗಿತ್ತು. ಆಮೇಲೆ ಕೇಳಬೇಕಾದ್ದನ್ನು ಕೇಳಿದೆ. ಒಂದೂವರೆ ತಿಂಗಳ ಹಿಂದೆ ಹೊಲಕ್ಕೆ ಹೊಡೆಯುವ ಎಣ್ಣಿ, ಅಂದರೆ ಕೀಟನಾಶಕ, ಕುಡಿದಿದ್ದಳು. ಎರಡು ವಾರ ಬಾಯಲ್ಲಿ ನಳಿಕೆ ಹಾಕಿ ವೆಂಟಿಲೇಟರ್ ಮೇಲೆ ಇಟ್ಟು ಉಳಿಸಿದ್ದರು. ಬೆಳಗಾವಿಯಲ್ಲಿ ಸ್ಕೋಪ್ ಹಾಕಿ ನೋಡಿದಾಗ ಧ್ವನಿತಂತುಗಳ ಕೆಳಗೆ ಗಾಯ ಮಾಗಿ, ಕಲೆ ಕಟ್ಟಿ, ದಾರಿ ಸಣ್ಣದಾಗಿತ್ತು.

ಹೊಸದಾಗಿ ಡ್ಯೂಟಿಗೆ ಬರುವ ಹೌಸ್ ಸರ್ಜನ್, ಸ್ಟಾಫ್ ನರ್ಸ್, 108 ಗಾಡಿಯ ಸಿಬ್ಬಂದಿಗೆ ಇದನ್ನು ಬರೆಯುತ್ತಿದ್ದೇನೆ. ಶೇಂಗಾ ಸಿಕ್ಕಾಗ ಏನು ಮಾಡಬೇಕು ಅನ್ನುವ ಭಾಗ ಮನೆಯವರಿಗೂ ಬೇಕು. ನನ್ನದು ಒಂದೇ ಕೋರಿಕೆ. ನೆಬ್ಯುಲೈಸರ್ ಹಚ್ಚುವ ಮುಂಚೆ ರೋಗಿಯ ಬಟ್ಟೆ ಸಡಿಲಿಸಿ, ಕುತ್ತಿಗೆ ಮತ್ತು ಎದೆ ಕಾಣುವಂತೆ ಮಾಡಿ, ಹತ್ತು ಉಸಿರು ನೋಡಿ.

ಮೊದಲು ಇದು: ಪೂರ್ತಿ ಕಟ್ಟಿದೆಯೋ, ಅರ್ಧ ಕಟ್ಟಿದೆಯೋ

ಮಾತಾಡಲು, ಅಳಲು, ಜೋರಾಗಿ ಕೆಮ್ಮಲು ಆಗುತ್ತಿದ್ದರೆ ಗಾಳಿ ಆಡುತ್ತಿದೆ. ಹುಡುಕಲು ನಮಗೆ ಸ್ವಲ್ಪ ಸಮಯ ಇದೆ. ಬಾಯಿ ತೆರೆದಿದೆ, ಎದೆ ಏಳಲು ಹೆಣಗುತ್ತಿದೆ, ಸದ್ದು ಮಾತ್ರ ಇಲ್ಲ ಅಂದರೆ ದಾರಿ ಪೂರ್ತಿ ಕಟ್ಟಿದೆ. ಅಲ್ಲಿ ಕಾರಣ ಹುಡುಕುತ್ತಾ ಕೂರಬೇಡಿ, ಮೊದಲು ಗಾಳಿ ಹೋಗುವ ಹಾಗೆ ಮಾಡಿ.

ಇದರಲ್ಲಿ ಬಹಳ ಜನರನ್ನು ದಾರಿ ತಪ್ಪಿಸುವ ಸಂಗತಿ ಒಂದಿದೆ. ಜೋರು ಸದ್ದು ಮಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. "ಈಗ ಆರಾಮಾತು" ಅಂತ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಮಗು ಸುಸ್ತಾಗಿದೆ, ಗಾಳಿ ಎಳೆಯುವ ಬಲ ಮುಗಿದಿದೆ, ಅದಕ್ಕೇ ಸದ್ದು ನಿಂತಿದೆ. ಗಂಟಲ ಕುಳಿ ಒಳಗೆ ಎಳೆಯುತ್ತಿದೆಯಾ, ಮಗು ಮಂಪರಿನಲ್ಲಿದೆಯಾ, ಬೆವರಿದೆಯಾ ನೋಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಮೇಲೂ ಭಾರ ಹಾಕಬೇಡಿ. ಉಸಿರುದಾರಿ ಕಟ್ಟಿದಾಗ ಆಕ್ಸಿಜನ್ ಅಂಕಿ ತಡವಾಗಿ ಬೀಳುತ್ತದೆ. 96 ತೋರಿಸುತ್ತಿರುವಾಗಲೇ ಮಗು ಅಪಾಯದ ಅಂಚಿನಲ್ಲಿ ಇರಬಹುದು.

ಸದ್ದು ಜಾಗ ತೋರಿಸುತ್ತದೆ

ಕೃಷ್ಣಾ, ಘಟಪ್ರಭಾ ದಂಡೆಯ ರೈತರಿಗೆ ಇದನ್ನು ವಿವರಿಸುವುದು ಬಹಳ ಸುಲಭ. ನದಿಗೆ ಪಂಪ್‌ಸೆಟ್ ಹಚ್ಚಿದ್ದೀರಿ. ಸಕ್ಷನ್ ಪೈಪ್ ಮೆತ್ತಗಿದ್ದು, ಅದರ ಬಾಯಿಗೆ ಕಸ ಸಿಕ್ಕರೆ ಏನಾಗುತ್ತದೆ? ಮೋಟರ್ ಜಗ್ಗಿದಷ್ಟೂ ಪೈಪ್ ಚಪ್ಪಟೆ ಆಗುತ್ತದೆ, ಅಲ್ವಾ? ಎದೆಗೂಡಿನ ಹೊರಗಿರುವ ಉಸಿರುದಾರಿ, ಅಂದರೆ ಗಂಟಲು, ಧ್ವನಿಪೆಟ್ಟಿಗೆ, ಕುತ್ತಿಗೆಯಲ್ಲಿನ ಶ್ವಾಸನಾಳ, ಈ ಸಕ್ಷನ್ ಪೈಪಿನ ಹಾಗೆ. ಉಸಿರು ಒಳಗೆ ಎಳೆವಾಗ ಅದು ಇನ್ನಷ್ಟು ಕುಗ್ಗುತ್ತದೆ. ಹಾಗಾಗಿ ಅಲ್ಲಿನ ದೋಷ ಒಳಗೆ ಎಳೆವಾಗ ಕೂಗುತ್ತದೆ. ಆ ಒರಟು ಕೀರಲು ಸದ್ದೇ ಸ್ಟ್ರೈಡಾರ್. ಎದೆಯೊಳಗಿನ ಕೊಳವೆಗಳದ್ದು ತಿರುಗಾಮುರುಗಾ. ಉಸಿರು ಬಿಡುವಾಗ ಎದೆ ಅವನ್ನು ಒತ್ತುತ್ತದೆ. ಅದಕ್ಕೇ ಅಸ್ತಮಾದ ಸುಂಯ್ ಸದ್ದು, ಅಂದರೆ ವೀಝ್, ಉಸಿರು ಬಿಡುವಾಗ ಜಾಸ್ತಿ.

ಇನ್ನೂ ಸ್ವಲ್ಪ ಬಿಡಿಸಿ ಕೇಳಿದರೆ ಮಹಡಿಯೂ ಗೊತ್ತಾಗುತ್ತದೆ. ಗೊರಕೆಯ ಹಾಗೆ ಗೊರ್‌ಗೊರ್ ಅಂದರೆ ಮೂಗಿನ ಹಿಂಭಾಗ, ನಾಲಿಗೆ, ಟಾನ್ಸಿಲ್ ಮಟ್ಟ. ಮಾತು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಮುದ್ದೆಯಾದರೆ ಗಂಟಲಿನ ಹಿಂದೆ ಇಲ್ಲವೇ ಧ್ವನಿಪೆಟ್ಟಿಗೆಯ ಮೇಲ್ಭಾಗ. ಒಳಗೆ ಎಳೆವಾಗ ಮಾತ್ರ ಕೀರಲು ಸದ್ದು ಬಂದರೆ ಧ್ವನಿತಂತುಗಳ ಮಟ್ಟ ಅಥವಾ ಅದರ ಮೇಲೆ. ದನಿ ಒಡೆದಿದ್ದರೆ ತಂತುಗಳಿಗೇ ಏನೋ ಆಗಿದೆ. ಎಳೆವಾಗಲೂ ಬಿಡುವಾಗಲೂ ಸದ್ದು ಬಂದರೆ ತಂತುಗಳ ಕೆಳಗೆ ಗಟ್ಟಿಯಾದ ಇಕ್ಕಟ್ಟು ಇದೆ, ಉಸಿರಿಗೆ ತಕ್ಕಂತೆ ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆ ಹೆಣ್ಣುಮಗಳ ಸದ್ದೂ ಗಮನವಿಟ್ಟು ಕೇಳಿದರೆ ಎರಡೂ ಕಡೆ ಇತ್ತು. ಎಳೆವಾಗ ಜಾಸ್ತಿ ಇದ್ದದ್ದರಿಂದ ಸಿಸ್ಟರ್ ಕಿವಿಗೆ ಅದು ಮೊದಲು ಬಿತ್ತು.

ವಿಂಗಡಣೆ: ನಾಲ್ಕು ಪ್ರಶ್ನೆ

ಪುಸ್ತಕದಲ್ಲಿ ಕಾರಣಗಳ ಪಟ್ಟಿ ಪುಟಗಟ್ಟಲೆ ಇರುತ್ತದೆ. ರಾತ್ರಿ ಎರಡು ಗಂಟೆಗೆ ಅದು ನೆನಪಿಗೆ ಬರುವುದಿಲ್ಲ. ನಾನು ನಾಲ್ಕು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಎಷ್ಟು ಕಟ್ಟಿದೆ, ಎಲ್ಲಿ ಕಟ್ಟಿದೆ ಅನ್ನುವ ಎರಡನ್ನು ಮೇಲೆ ಹೇಳಿದೆ. ಮೂರನೆಯದು, ಎಷ್ಟು ಬೇಗ ಕಟ್ಟಿತು? ನಿಮಿಷಗಳಲ್ಲಿ ಆದರೆ ವಸ್ತು ಸಿಕ್ಕಿದೆ, ಅಲರ್ಜಿ, ಪೆಟ್ಟು, ಅಥವಾ ಪ್ರಜ್ಞೆ ತಪ್ಪಿ ನಾಲಿಗೆ ಹಿಂದಕ್ಕೆ ಬಿದ್ದಿದೆ. ತಾಸುಗಳಲ್ಲಿ, ದಿನಗಳಲ್ಲಿ ಆದರೆ ಸೋಂಕು, ಸುಟ್ಟಗಾಯದ ಊತ. ವಾರ, ತಿಂಗಳುಗಳಲ್ಲಿ ಆದರೆ ಗಡ್ಡೆ, ಕ್ಯಾನ್ಸರ್, ಹಳೇ ನಳಿಕೆಯ ಕಲೆ. ಹುಟ್ಟಿದಾಗಿನಿಂದ ಇದ್ದರೆ ರಚನೆಯಲ್ಲೇ ದೋಷ.

ನಾಲ್ಕನೆಯದು, ಪೈಪಿನ ಒಳಗೋ, ಗೋಡೆಯಲ್ಲೋ, ಹೊರಗೋ? ಒಳಗೆ ಅಂದರೆ ಶೇಂಗಾ, ಅಡಿಕೆ ಚೂರು, ರಕ್ತದ ಹೆಪ್ಪು, ಗಟ್ಟಿ ಕಫ. ಗೋಡೆ ಅಂದರೆ ಊತ, ಗಡ್ಡೆ, ಕಲೆ, ಅಲುಗಾಡದ ಧ್ವನಿತಂತು. ಹೊರಗಿನಿಂದ ಅಂದರೆ ದೊಡ್ಡ ಥೈರಾಯ್ಡ್ ಗಂಟು, ಕುತ್ತಿಗೆಯ ಕೀವುಗಡ್ಡೆ, ಆಪರೇಷನ್ ನಂತರ ಒಳಗೇ ಸೇರಿಕೊಂಡ ರಕ್ತ. ಚಿಕಿತ್ಸೆ ನಿಂತಿರುವುದು ಈ ಪ್ರಶ್ನೆಯ ಮೇಲೆ. ಒಳಗಿನದನ್ನು ತೆಗೆಯಬೇಕು, ಗೋಡೆಯ ಊತ ಇಳಿಸಬೇಕು, ಹೊರಗಿನ ಒತ್ತಡ ಬಿಡಿಸಬೇಕು. ಥೈರಾಯ್ಡ್ ಆಪರೇಷನ್ ಆದ ರಾತ್ರಿ ಕುತ್ತಿಗೆ ಉಬ್ಬಿ ಉಸಿರು ಕಟ್ಟಿದರೆ ಹಾಸಿಗೆಯಲ್ಲೇ ಹೊಲಿಗೆ ಬಿಚ್ಚಬೇಕು ಅನ್ನುವುದು ಇದೇ ಕಾರಣಕ್ಕೆ.

ಮಕ್ಕಳು

ಇಲ್ಲಿ ಸ್ವಲ್ಪ ನಿಧಾನಿಸಬೇಕು. ಒಂದು ಲೆಕ್ಕ ನೋಡಿ. ಹಸುಗೂಸಿನ ಧ್ವನಿತಂತುಗಳ ಕೆಳಗಿನ ದಾರಿಯ ಅಗಲ ಸುಮಾರು 4 ಮಿಲಿಮೀಟರ್. ಸುತ್ತಲೂ 1 ಮಿಲಿಮೀಟರ್ ಊದಿಕೊಂಡರೆ ಉಳಿಯುವುದು 2. ಗಾಳಿ ಹೋಗುವ ಜಾಗದಲ್ಲಿ ನೂರಕ್ಕೆ 75 ಪಾಲು ಹೋಯಿತು, ಅಡ್ಡಿ 16 ಪಟ್ಟು ಹೆಚ್ಚಿತು. ಅದೇ ಊತ 8 ಮಿಲಿಮೀಟರ್ ದಾರಿಯಲ್ಲಿ ಆದರೆ ಅಡ್ಡಿ ಸುಮಾರು 3 ಪಟ್ಟು ಅಷ್ಟೇ. ಮನೆಯಲ್ಲಿ ಎಲ್ಲರಿಗೂ ಒಂದೇ ನೆಗಡಿ, ಅಪ್ಪನಿಗೆ ದನಿ ಮಾತ್ರ ಕೂತಿದೆ, ಕೂಸಿಗೆ ಉಸಿರೇ ಕಟ್ಟಿದೆ. ಯಾಕೆ ಅನ್ನುವುದಕ್ಕೆ ಉತ್ತರ ಈ ಲೆಕ್ಕದಲ್ಲಿದೆ.

ಈಗ ತಾನೇ ಹುಟ್ಟಿದ ಕೂಸು ಮೊಲೆ ಹಿಡಿದಾಗ ನೀಲಿಗಟ್ಟಿ, ಅತ್ತಾಗ ಕೆಂಪಾದರೆ ಮೂಗಿನ ಹಿಂದಿನ ತೂತು ಎರಡೂ ಕಡೆ ಮುಚ್ಚಿರಬಹುದು. ಕೂಸುಗಳು ಮೊದಲ ತಿಂಗಳುಗಳಲ್ಲಿ ಮೂಗಿನಿಂದಲೇ ಉಸಿರಾಡುತ್ತವೆ. ಅತ್ತಾಗ ಬಾಯಿ ತೆರೆಯುತ್ತದೆ, ಬಣ್ಣ ವಾಪಸ್ ಬರುತ್ತದೆ. ಮೂಗಿನಲ್ಲಿ ಸಣ್ಣ ನಳಿಕೆ ಇಳಿಸಿ ನೋಡಿ, ಗಂಟಲಿಗೆ ಇಳಿಯದಿದ್ದರೆ ಉತ್ತರ ಸಿಕ್ಕಿತು.

ಹುಟ್ಟಿದ ಕೆಲವೇ ವಾರಗಳಲ್ಲಿ ಶುರುವಾಗಿ, ಅಂಗಾತ ಮಲಗಿಸಿದರೆ, ಹಾಲು ಕುಡಿದರೆ, ಅತ್ತರೆ ಜಾಸ್ತಿಯಾಗುವ ಸದ್ದು ಹೆಚ್ಚಿನಂಶ ಲ್ಯಾರಿಂಗೊಮಲೇಶಿಯಾ. ಧ್ವನಿಪೆಟ್ಟಿಗೆಯ ಮೇಲಿನ ಮೃದು ಭಾಗ ಒಳಕ್ಕೆ ಬೀಳುತ್ತದೆ. ಕೂಸುಗಳ ಸ್ಟ್ರೈಡಾರಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ತೂಕ ಏರುತ್ತಿದ್ದರೆ ಗಾಬರಿ ಬೇಡ, ಒಂದೂವರೆ ಎರಡು ವರ್ಷದೊಳಗೆ ಬಹುಪಾಲು ತಾನಾಗೇ ಸರಿಹೋಗುತ್ತದೆ. ತೂಕ ನಿಂತರೆ, ನೀಲಿಗಟ್ಟಿದರೆ ಕಿವಿ-ಮೂಗು-ಗಂಟಲು ತಜ್ಞರು ಸ್ಕೋಪ್ ಹಾಕಿ ನೋಡಲೇಬೇಕು.

ಆರು ತಿಂಗಳಿಂದ ಮೂರು ವರ್ಷದ ಮಗು, ಎರಡು ದಿನ ನೆಗಡಿ, ಮೂರನೇ ರಾತ್ರಿ ನಾಯಿ ಬೊಗಳಿದಂತೆ ಕೆಮ್ಮು, ಒಡಕು ದನಿ, ಎಳೆವಾಗ ಸದ್ದು: ಇದು ಕ್ರೂಪ್. ಪ್ಯಾರಾಇನ್‌ಫ್ಲುಯೆಂಜಾ ವೈರಸ್ ಮುಖ್ಯ ಕಾರಣ. ಇಲ್ಲಿ ಕನ್ನಡದ ಹೆಸರೇ ನಮ್ಮನ್ನು ತೊಡಕಿಗೆ ಸಿಕ್ಕಿಸುತ್ತದೆ. ನಾಯಿಕೆಮ್ಮು ಅಂತ ನಾವು ಕರೆಯುವುದು ಪೆರ್ಟುಸಿಸ್ ಅನ್ನು, ಅದರಲ್ಲಿ ಕೆಮ್ಮಿನ ಸರಮಾಲೆ ಮುಗಿದ ಮೇಲೆ ಹೂಪ್ ಅಂತ ಉಸಿರು ಎಳೆಯುತ್ತಾರೆ. ನಿಜವಾಗಿ ನಾಯಿಯ ಹಾಗೆ ಬೊಗಳುವ ಕೆಮ್ಮು ಕ್ರೂಪ್‌ನದು. ತಾಯಿ "ನಾಯಿಕೆಮ್ಮ ಐತ್ರಿ" ಅಂದರೆ ಹಾಗೇ ಬರೆದುಕೊಳ್ಳಬೇಡಿ, ಒಂದು ಸಲ ಕೆಮ್ಮು ಕೇಳಿ. ಕ್ರೂಪ್‌ಗೆ ಡೆಕ್ಸಾಮೆಥಾಸೋನ್ ಒಂದೇ ಡೋಸ್, ಕೆಜಿಗೆ 0.15ರಿಂದ 0.6 ಮಿಲಿಗ್ರಾಂ. ಸುಮ್ಮನೆ ಕೂತಾಗಲೂ ಸದ್ದಿದ್ದರೆ ಅಡ್ರಿನಲಿನ್ ನೆಬ್ಯುಲೈಸೇಶನ್. ಅದರ ಪರಿಣಾಮ ಎರಡು ತಾಸಿನೊಳಗೆ ಇಳಿಯಬಹುದು. ಆರಾಮ ಕಂಡ ಕೂಡಲೇ ಮನೆಗೆ ಕಳಿಸಬೇಡಿ, ಮೂರು ನಾಲ್ಕು ತಾಸು ಕಣ್ಣಿಟ್ಟಿರಿ.

ಕೆಮ್ಮೇ ಇಲ್ಲ, ಜ್ವರ ಸುಡುತ್ತಿದೆ, ಜೊಲ್ಲು ಸುರಿಯುತ್ತಿದೆ, ಮಗು ಮುಂದಕ್ಕೆ ಬಾಗಿ ಕೈ ಊರಿ ಗದ್ದ ಚಾಚಿ ಕೂತಿದೆ ಅಂದರೆ ಧ್ವನಿಪೆಟ್ಟಿಗೆಯ ಮೇಲಿನ ಮುಚ್ಚಳ, ಎಪಿಗ್ಲಾಟಿಸ್, ಊದಿದೆ. ಇದಕ್ಕೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಾ ತಡೆಯುವ ಹಿಬ್ ಲಸಿಕೆ, ಐದು ರೋಗಗಳ ಪೆಂಟಾವೇಲೆಂಟ್ ಲಸಿಕೆಯಲ್ಲಿ ಸೇರಿದ ಮೇಲೆ ಇದು ಅಪರೂಪ. ಅಪರೂಪ ಅಂತ ಮರೆಯುವ ಹಾಗಿಲ್ಲ. ಈ ಮಗುವನ್ನು ಮಲಗಿಸಬೇಡಿ. ಚಮಚ ಒತ್ತಿ ಗಂಟಲು ನೋಡಬೇಡಿ. ಐವಿ ಸೂಜಿಗೆ ಅಂತ ಅಳಿಸಬೇಡಿ. ತಾಯಿಯ ತೊಡೆಯ ಮೇಲೆ ಹೇಗೆ ಕೂತಿದೆಯೋ ಹಾಗೇ ಇರಲಿ, ಆಕ್ಸಿಜನ್ ಮಾಸ್ಕ್ ತಾಯಿಯೇ ಹಿಡಿಯಲಿ, ಅರಿವಳಿಕೆ ತಜ್ಞರನ್ನು ಕರೆಯಿರಿ.

ಗಂಟಲುಮಾರಿ (ಡಿಫ್ತೀರಿಯಾ) ಹಳೇ ಕಾಲದ ರೋಗ ಅನ್ನುವವರು ನಮ್ಮ ಕಡೆ ಬಂದು ನೋಡಬೇಕು. ಲಸಿಕೆ ತಪ್ಪಿದ ಮಗು, ಟಾನ್ಸಿಲ್ ಮೇಲೆ ಬೂದು ಬಣ್ಣದ ಪೊರೆ, ಕೆದಕಿದರೆ ರಕ್ತ, ಎತ್ತಿನ ಕುತ್ತಿಗೆಯಂತೆ ಊದಿದ ಕತ್ತು ಕಂಡರೆ ವರದಿಗೆ ಕಾಯಬೇಡಿ, ಆ್ಯಂಟಿಟಾಕ್ಸಿನ್ ಎಲ್ಲಿದೆ ಅಂತ ಆಗಲೇ ಫೋನ್ ಮಾಡಿ. ಮನೆಮನೆಗೆ ಹೋಗುವ ಆಶಾ ಅಕ್ಕಂದಿರಿಗೆ ಒಂದು ಮಾತು. 6, 10, 14 ವಾರದ ಲಸಿಕೆ ಹಾಕಿಸಿದವರೂ 16ರಿಂದ 24 ತಿಂಗಳಿನ ಮತ್ತು 5-6 ವರ್ಷದ ಬೂಸ್ಟರ್ ಬಿಟ್ಟುಬಿಡುತ್ತಾರೆ. ಕಬ್ಬು ಕಡಿಯಲು ಊರೂರು ಅಲೆಯುವ ಮನೆಗಳಲ್ಲಿ ಕಾರ್ಡ್ ಕೇಳಿ ನೋಡಿ.

ಶೇಂಗಾ ಸಿಕ್ಕಿದೆ

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಎಲ್ಲರೂ ಬುತ್ತಿ ಬಿಚ್ಚಿ ಕೂತಿರುತ್ತಾರೆ. ಎರಡು ವರ್ಷದ ಕೂಸು ಓಡಾಡುತ್ತಾ ಹುರಿದ ಶೇಂಗಾ ಬಾಯಿಗೆ ಹಾಕಿಕೊಳ್ಳುತ್ತದೆ. ಯಾರೋ ನಗಿಸುತ್ತಾರೆ, ಇಲ್ಲವೇ ಎಡವುತ್ತದೆ. ಕೆಮ್ಮು ಶುರು.

ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಿಗಿಂತ ಒಳ್ಳೆಯ ಔಷಧಿ ಆ ಹೊತ್ತಿಗೆ ಇಲ್ಲ. ನೀರು ಕುಡಿಸಬೇಡಿ, ಬಾಳೆಹಣ್ಣು ನುಂಗಿಸಬೇಡಿ. ಕಾಣದ ಗಂಟಲಿಗೆ ಬೆರಳು ಹಾಕಬೇಡಿ, ಮೇಲಿದ್ದ ಕಾಳನ್ನು ನಾವೇ ಕೆಳಗೆ ದೂಡುತ್ತೇವೆ. ಕೆಮ್ಮು ಸೋತು ದನಿ ನಿಂತರೆ ಮಗುವನ್ನು ಮುಂದಕ್ಕೆ ಬಾಗಿಸಿ, ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಗುದ್ದು. ಹೊರಬರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ಈ ಹೊಟ್ಟೆ ಒತ್ತುವ ಕ್ರಮವನ್ನು ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಪ್ರಕಟಿಸಿದರು. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಬಾರದು, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಕೂಸನ್ನು ಮುಂಗೈ ಮೇಲೆ ಬೋರಲು, ತಲೆ ಕೆಳಗಾಗಿ ಮಲಗಿಸಿ ಬೆನ್ನಿಗೆ 5, ಮಗುಚಿ ಎದೆಯ ನಡುವೆ 5. ತುಂಬು ಬಸುರಿಗೂ ಹೊಟ್ಟೆಯ ಬದಲು ಎದೆ. ಪ್ರಜ್ಞೆ ತಪ್ಪಿದರೆ ನೆಲಕ್ಕೆ ಮಲಗಿಸಿ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವುದು) ಶುರು ಮಾಡಿ, 108ಕ್ಕೆ ಫೋನ್ ಮಾಡಿಸಿ.

ಇನ್ನೊಂದು ಬಗೆ ಇದಕ್ಕಿಂತ ಮೋಸದ್ದು. ಐದು ನಿಮಿಷ ಕೆಮ್ಮಿ ಮಗು ಆಟಕ್ಕೆ ಹೋಗುತ್ತದೆ. ಕಾಳು ಕೆಳಗಿಳಿದು ಒಂದು ಬದಿಯ ಕೊಳವೆಯಲ್ಲಿ ಕೂತಿರುತ್ತದೆ. ವಾರದ ಮೇಲೆ ಕೆಮ್ಮು, ಜ್ವರ, "ನಿಮೋನಿಯಾ". ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಫಿಲ್ಮ್ ಪೂರ್ತಿ ಸರಿ ಇರಲೂಬಹುದು. ಹಾಗಾಗಿ ಕೆಮ್ಮು ಇದ್ದಕ್ಕಿದ್ದಂತೆ ಶುರುವಾದ ಪ್ರತಿ ಮಗುವಿನ ತಾಯಿಗೂ ಕೇಳಿ: "ಆವಾಗ ಬಾಯಾಗ ಏನಿತ್ತವ್ವಾ?" ಆ ಒಂದು ಉತ್ತರ ಸಾಕು, ಉಸಿರುಕೊಳವೆಯೊಳಗೆ ಸ್ಕೋಪ್ ಇಳಿಸಿ ನೋಡುವ ಬ್ರಾಂಕೋಸ್ಕೋಪಿಗೆ ಕಳಿಸಿ. ನಾಲ್ಕು ವರ್ಷ ತುಂಬುವವರೆಗೆ ಇಡೀ ಶೇಂಗಾ ಕೊಡುವುದೇ ಬೇಡ. ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿ ಕೊಡಿ.

ದೊಡ್ಡವರಲ್ಲಿ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ಎಲ್ಲಕ್ಕಿಂತ ಸುಲಭವಾಗಿ ಸರಿಹೋಗುವುದು ನಾಲಿಗೆ. ಬೈಕಿನಿಂದ ಬಿದ್ದವರು, ಮೂರ್ಛೆರೋಗದವರು, ವಿಪರೀತ ಕುಡಿದವರು ಅಂಗಾತ ಬಿದ್ದಿದ್ದರೆ ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಗದ್ದ ಮೇಲೆತ್ತಿ ತಲೆ ಹಿಂದಕ್ಕೆ ಬಾಗಿಸಿ. ಕುತ್ತಿಗೆಗೆ ಪೆಟ್ಟಾಗಿರುವ ಅನುಮಾನ ಇದ್ದರೆ ತಲೆ ಬಾಗಿಸದೆ ದವಡೆ ಮಾತ್ರ ಮುಂದಕ್ಕೆ ದೂಡಿ. ಫಿಟ್ಸ್ ಬಂದವರ ಕೈಯಲ್ಲಿ ಕೀಲಿಕೈ ಇಡುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇನ್ನೂ ನಡೆದಿದೆ. ಚಮಚದಿಂದ ಹಲ್ಲು ಮುರಿದು ಅದೇ ಉಸಿರುದಾರಿಗೆ ಬೀಳುತ್ತದೆ. ಮಗ್ಗುಲಿಗೆ ಹೊರಳಿಸಿ, ಸಾಕು.

ಇಂಜೆಕ್ಷನ್ ಆದ ಮೇಲೆ, ಜೇನುಹುಳು ಕಚ್ಚಿದ ಮೇಲೆ ಮೈ ತುಂಬಾ ಗಂದೆ ಎದ್ದು ದನಿ ಒಡೆದರೆ ಅಡ್ರಿನಲಿನ್ ತೊಡೆಯ ಹೊರಭಾಗದ ಸ್ನಾಯುವಿಗೆ, ದೊಡ್ಡವರಿಗೆ 0.5 ಮಿಲಿಗ್ರಾಂ. ಅಲರ್ಜಿಯ ಏವಿಲ್, ಸ್ಟೀರಾಯ್ಡ್ ಆದ ಹೈಡ್ರೊಕಾರ್ಟಿಸೋನ್ ಆಮೇಲೆ. ಗಂದೆ ಇಲ್ಲ, ತುರಿಕೆ ಇಲ್ಲ, ನಾಲಿಗೆ ತುಟಿ ಮಾತ್ರ ಊದಿದೆ ಅಂದರೆ ಬಿಪಿ ಮಾತ್ರೆ ಕೇಳಿ. ಎನಾಲಾಪ್ರಿಲ್, ರಾಮಿಪ್ರಿಲ್ ವರ್ಷಗಟ್ಟಲೆ ತಿಂದ ಮೇಲೂ ಹೀಗಾಗಬಹುದು. ಇದಕ್ಕೆ ಅಲರ್ಜಿಯ ಔಷಧಿ ಸರಿಯಾಗಿ ನಾಟುವುದಿಲ್ಲ. ದಾರಿ ಕಾಪಾಡಿಕೊಳ್ಳಿ, ಆ ಮಾತ್ರೆಯನ್ನು ಕಾಯಂ ನಿಲ್ಲಿಸಿ.

ಹಲ್ಲುನೋವಿಗೆ ಅಂಗಡಿಯ ಗುಳಿಗೆ ತಿಂದು ವಾರ ದೂಡಿದವರ ಗದ್ದದ ಕೆಳಗೆ ಕೈ ಇಟ್ಟು ನೋಡಿ. ಹಲಗೆಯಂತೆ ಗಟ್ಟಿಯಾಗಿದ್ದು, ನಾಲಿಗೆ ಮೇಲಕ್ಕೆ ಎದ್ದು, ಬಾಯಿ ತೆರೆಯಲು ಆಗದಿದ್ದರೆ ಲುಡ್ವಿಗ್ ಆ್ಯಂಜೈನಾ. ಜರ್ಮನಿಯ ಲುಡ್ವಿಗ್ 1836ರಲ್ಲಿ ಇದನ್ನು ವಿವರಿಸಿದರು. ಕೆಳದವಡೆಯ ಹಿಂದಿನ ಹಲ್ಲುಗಳ ಬೇರಿನಿಂದ ಹೊರಡುವ ಸೋಂಕು ಇದು. ತಡ ಮಾಡಿದಷ್ಟೂ ನಳಿಕೆ ಹಾಕುವುದು ಕಷ್ಟ.

ಕಬ್ಬಿನ ರವದಿಗೆ (ಒಣ ಎಲೆಗೆ) ಬೆಂಕಿ ಹಚ್ಚುವಾಗ ನಡುವೆ ಸಿಕ್ಕವರ ಮೂಗಿನ ಕೂದಲು ಸುಟ್ಟಿದ್ದರೆ, ಕಫ ಕರ್ರಗಿದ್ದರೆ, ದನಿ ಒಡೆದಿದ್ದರೆ ಈಗ ಚೆನ್ನಾಗಿ ಮಾತಾಡುತ್ತಿದ್ದಾರೆ ಅಂತ ನಂಬಬೇಡಿ. ಊತ ಮುಂದಿನ 24 ತಾಸಿನಲ್ಲಿ ಏರುತ್ತದೆ. ರಾಶಿ ಮಷಿನ್ನಿಗೆ ಸೆರಗು, ಟವೆಲ್ ಸಿಕ್ಕು ಕುತ್ತಿಗೆ ಬಿಗಿದವರ ಚರ್ಮ ಒತ್ತಿ ನೋಡಿ. ಚುರುಮುರಿ ಒತ್ತಿದಂತೆ ಕರಕರ ಅಂದರೆ ಶ್ವಾಸನಾಳ ಹರಿದು ಗಾಳಿ ಚರ್ಮದಡಿ ಸೇರಿದೆ.

ನಿಧಾನವಾಗಿ ಕಟ್ಟುವವುಗಳಲ್ಲಿ ಕ್ಯಾನ್ಸರ್ ಮುಖ್ಯ. ನಿಪ್ಪಾಣಿ ಸೀಮೆ ತಂಬಾಕು ಬೆಳೆಯುತ್ತದೆ, ನಮ್ಮ ಭಾಗದ ಜಿಲ್ಲೆಗಳಲ್ಲಿ ಬೀಡಿ, ತಂಬಾಕು ಬೇರೂರಿವೆ. ದನಿ ಕೂತು ಮೂರು ವಾರ ದಾಟಿದರೆ ಕೆಮ್ಮಿನ ಸಿರಪ್ ಬಿಟ್ಟು ಧ್ವನಿಪೆಟ್ಟಿಗೆ ನೋಡಿಸಿ.

ಮೊದಲು ಹೇಳಿದ ಹೆಣ್ಣುಮಗಳಂಥವರು ನಮ್ಮ ಭಾಗದಲ್ಲಿ ಕಡಿಮೆ ಇಲ್ಲ. ಕೀಟನಾಶಕ ಕುಡಿದು ಉಳಿದು ಮನೆಗೆ ಹೋಗುವವರಿಗೆ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆಯಿರಿ: ನಳಿಕೆ ಎಷ್ಟು ದಿನ ಇತ್ತು, ಮುಂದೆ ಉಸಿರಿನಲ್ಲಿ ಸದ್ದು ಬಂದರೆ ಗಂಟಲು ತಜ್ಞರಿಗೆ ತೋರಿಸಬೇಕು. ಈ ಇಕ್ಕಟ್ಟನ್ನು ಕಾಟನ್-ಮೈಯರ್ ಅಳತೆಯಲ್ಲಿ ನಾಲ್ಕು ದರ್ಜೆ ಮಾಡುತ್ತಾರೆ. ಅರ್ಧದವರೆಗೆ ಕಟ್ಟಿದ್ದರೆ ಒಂದು, ನೂರಕ್ಕೆ 70ರವರೆಗೆ ಎರಡು, 99ರವರೆಗೆ ಮೂರು, ದಾರಿಯೇ ಕಾಣದಿದ್ದರೆ ನಾಲ್ಕು. ಆಕೆಯದು ಮೂರನೆಯದು.

ಕಳಿಸುವ ಮುಂಚೆ

ಬಾಗಲಕೋಟೆಯಿಂದ ಬೆಳಗಾವಿ ಹತ್ತಿರದ ದಾರಿಯಲ್ಲ. ಎಳೆವಾಗ ಸದ್ದು ಮಾಡುವ ರೋಗಿಯನ್ನು ಒಬ್ಬರನ್ನೇ ಗಾಡಿಗೆ ಹತ್ತಿಸಬೇಡಿ. ಸಿಟಿ ಸ್ಕ್ಯಾನ್‌ಗೆ ಅಂತ ಅಂಗಾತ ಮಲಗಿಸಬೇಡಿ, ಕೂತೇ ಹೋಗಲಿ. ನಿದ್ದೆ ಬರಿಸುವ ಇಂಜೆಕ್ಷನ್ ಬೇಡವೇ ಬೇಡ, ಆ ಚಡಪಡಿಕೆ ಗಾಳಿ ಸಾಲದೆ ಬಂದದ್ದು. ದಾರಿಯಲ್ಲಿ ಕಟ್ಟಿದರೆ ಯಾರು ಏನು ಮಾಡಬೇಕು ಅಂತ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಕೈಯಿಂದ ಒತ್ತಿ ಗಾಳಿ ಕೊಡುವ ಅಂಬುಬ್ಯಾಗ್, ಸಕ್ಷನ್, ಒಂದು ಸೈಜ್ ಸಣ್ಣ ನಳಿಕೆಗಳು ಗಾಡಿಯಲ್ಲಿ ಇರಲಿ.

ಇನ್ನು ಫೋನ್. ಆ ಕಡೆಯವರಿಗೆ "ದಮ್ಮಿನ ಪೇಶಂಟ್ ಕಳಸ್ತೀವ್ರಿ" ಅಂದರೆ ಅವರು ಬಾಗಿಲಲ್ಲಿ ನೆಬ್ಯುಲೈಸರ್ ಇಟ್ಟುಕೊಂಡು ನಿಲ್ಲುತ್ತಾರೆ. ಆ ರಾತ್ರಿ ನಾನು ಹೇಳಿದ್ದು ಹೀಗೆ: "ಉಸಿರು ಒಳಗೆ ಎಳೆವಾಗ ಜೋರು ಸದ್ದು, ಬಿಡುವಾಗಲೂ ಇದೆ, ಕುತ್ತಿಗೆಯ ಮೇಲೆ ಜೋರು. ಒಂದೂವರೆ ತಿಂಗಳ ಹಿಂದೆ ಎರಡು ವಾರ ನಳಿಕೆ ಇತ್ತು. ಮಾತಾಡುತ್ತಾಳೆ, ಮಲಗಲು ಆಗುವುದಿಲ್ಲ." ಗಾಡಿ ಬೆಳಗಾವಿ ಮುಟ್ಟಿದಾಗ ಅವರು ಕುತ್ತಿಗೆಯಲ್ಲಿ ತೂತು ಮಾಡಿ ಉಸಿರುದಾರಿ ತೆರೆಯುವ ಟ್ರೇಕಿಯಾಸ್ಟಮಿ ಸೆಟ್ ಬಿಚ್ಚಿಟ್ಟುಕೊಂಡು ಕಾದಿದ್ದರು.